ಹೊರಗಿನವರು ಯಾರು?

ಲಂಡನ್ನಿನ ಬ್ರಿಕ್ ಲೇನ್ ಬಡಾವಣೆಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಅಲ್ಲಿನ ಕಟ್ಟಡವೊಂದರ ಚಿತ್ರ ಕಳುಹಿಸಿದ್ದ. ಧರ್ಮದ ಕಾರಣಕ್ಕೆ ಫ್ರಾನ್ಸ್ ತೊರೆದು ಬಂದ ಹ್ಯೂಗೆನೊ ಪಂಗಡದವರು 1743ರಲ್ಲಿ ಕಟ್ಟಿಕೊಂಡ ಪ್ರಾರ್ಥನಾಮಂದಿರವದು. ಮುಂದೆ ಮೆಥಡಿಸ್ಟರ ಚರ್ಚಾಯಿತು; 1898ರಲ್ಲಿ ಯಹೂದ್ಯರ ಸಿನಗಾಗ್ ಆಯಿತು; 1976ರಿಂದ ಬಂಗಾಳಿ ಮುಸ್ಲಿಮರ ಮಸೀದಿಯಾಗಿದೆ.

ಇದನ್ನು ಬರಿಯ ಸೌಹಾರ್ದದ ಕಥೆಯೆಂದು ಹೊಗಳಲಾರೆ. 1978ರ ಮೇ 4ರಂದು ಅಲ್ಲಿಗೆ ಸಮೀಪದಲ್ಲೇ ಅಲ್ತಾಬ್ ಅಲಿ ಎಂಬ ಬಂಗಾಳಿ ಜವಳಿ ಕಾರ್ಮಿಕನನ್ನು ವರ್ಣದ್ವೇಷಿಗಳು ಕೊಂದರು. ಸಾವಿರಾರು ಜನರು ಅವನ ಶವಪೆಟ್ಟಿಗೆಯ ಹಿಂದೆ ನಡೆದು ಪ್ರತಿಭಟಿಸಿದರು. ಇಂದು ಅಲ್ಲಿನ ಉದ್ಯಾನವೊಂದಕ್ಕೆ ಅವನ ಹೆಸರಿದೆ. ಬಂದವರು ದುಡಿದು, ನೊಂದು ಆ ನೆಲವನ್ನು ತಮ್ಮದಾಗಿಸಿಕೊಂಡರು.

ನಮ್ಮೂರಿಗೆ ಕೂಲಿಗೆಂದು ಬಂದವರನ್ನು ನಾನೂ ‘ಹೊರಗಿನವರು’ ಎಂದದ್ದುಂಟು. ನನ್ನ ಶಿಷ್ಯನೂ ಅಲ್ಲಿ ಹೊರಗಿನವನೇ ಅಲ್ಲವೇ? ಆ ಮಾತನ್ನು ಇಂದು ಹಿಂತೆಗೆದುಕೊಳ್ಳುತ್ತೇನೆ.