ಸೂರಿನ ಮೇಲೆ ‘ಟಕ್’ ಎಂದವರು ಯಾರು?

ಮಾರ್ಚ್ ತಿಂಗಳು, ಪರೀಕ್ಷೆಯ ಕಾಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಕಡೆ ತಗಡಿನ ಸೂರಿನ ಮನೆಯೊಂದರಲ್ಲಿ ಹುಡುಗನೊಬ್ಬ ರಾತ್ರಿ ಓದುತ್ತ ಕುಳಿತಿದ್ದಾನೆ ಎಂದುಕೊಳ್ಳಿ. ಇದ್ದಕ್ಕಿದ್ದಂತೆ ತಲೆಯ ಮೇಲೆ ‘ಟಕ್’. ಸ್ವಲ್ಪ ಹೊತ್ತಿಗೆ ಮತ್ತೆ ‘ಟಕ್, ಟಕ್’. ಹೊರಗೆ ಬಂದು ನೋಡಿದರೆ ಬೆಕ್ಕೂ ಇಲ್ಲ, ಕಲ್ಲೆಸೆದವರೂ ಇಲ್ಲ. ‘ಯಾವುದೋ ಗಾಳಿ ಓಡಾಡ್ತಿದೆ ಕಣೋ ಮಗ, ಪುಸ್ತಕ ಮುಚ್ಚಿ ಮಲಕ್ಕೋ’ ಎನ್ನುತ್ತಾರೆ ಅಜ್ಜಿ. ‘ಶನಿವಾರ ಚಿಕ್ಕಮಧುರೆಗೆ ಹೋಗಿ ಶನಿಮಹಾತ್ಮನಿಗೆ ಎಳ್ಳುದೀಪ ಹಚ್ಚಿ ಬಾ’ ಎಂದು ಪಕ್ಕದ ಮನೆಯವರ ಸಲಹೆ. ದೀಪ ಹಚ್ಚಲಿ, ಬೇಡವೆನ್ನುವವರಾರು? ಆದರೆ ಆ ಸದ್ದಿನ ಕಾರಣ ಹುಡುಗನ ವಿಜ್ಞಾನ ಪಠ್ಯದಲ್ಲೇ ಇದೆ.

ಬಿಸಿಯಾದ ಲೋಹ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 12 ಮೈಕ್ರಾನ್ ಉದ್ದವಾಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹನ್ನೆರಡು ಅಡಿಯ ತಗಡು ಮಧ್ಯಾಹ್ನ 60 ಡಿಗ್ರಿಗೆ ಕಾದು ರಾತ್ರಿ 20 ಡಿಗ್ರಿಗೆ ಇಳಿದರೆ ಸುಮಾರು ಒಂದೂಮುಕ್ಕಾಲು ಮಿಲಿಮೀಟರ್ ಕುಗ್ಗಬೇಕು. ಆದರೆ ಬೋಲ್ಟುಗಳು ಅದನ್ನು ಬಿಗಿಯಾಗಿ ಹಿಡಿದಿವೆ. ಅಕ್ಕಿ ಮೂಟೆಯನ್ನು ನೆಲದ ಮೇಲೆ ನೂಕಿ ನೋಡಿ. ಮೊದಲು ಅಲುಗುವುದಿಲ್ಲ, ಬಲ ಹೆಚ್ಚಿದಾಗ ಒಮ್ಮೆಲೇ ಜಾರುತ್ತದೆ. ತಗಡೂ ಹಾಗೆಯೇ ತಡೆದು ತಡೆದು ಜಾರುತ್ತದೆ. ಪ್ರತಿ ಜಾರಿಗೂ ಒಂದು ‘ಟಕ್’.

ಇದೇ ಸದ್ದು ಸಾವಿರಾರು ಮೈಲಿ ದೂರದಲ್ಲೂ ಕೇಳಿಸುತ್ತದೆ. ಓದಿಗೋ ಕೆಲಸಕ್ಕೋ ಅಮೆರಿಕ, ಕೆನಡಾಗಳಿಗೆ ಹೋದ ನಮ್ಮ ಮಕ್ಕಳು ಮೊದಲ ಚಳಿಗಾಲದಲ್ಲಿ ‘ರಾತ್ರಿಯೆಲ್ಲ ಗೋಡೆ ಟಿಕ್ ಟಿಕ್ ಅನ್ನುತ್ತೆ, ನಿದ್ದೆ ಬರೋಲ್ಲ’ ಎಂದು ಮನೆಗೆ ಫೋನ್ ಮಾಡುವುದುಂಟು. ಅಲ್ಲಿನ ಅನೇಕ ಮನೆಗಳಲ್ಲಿ ಗೋಡೆಯ ಬುಡದುದ್ದಕ್ಕೂ ‘ಬೇಸ್‌ಬೋರ್ಡ್ ಹೀಟರ್’ ಎಂಬ ಉದ್ದನೆಯ ವಿದ್ಯುತ್ ಕಾವುಗೂಡು ಇರುತ್ತದೆ. ಒಳಗೆ ಉಕ್ಕಿನ ಕೊಳವೆ, ಅದರ ಸುತ್ತ ಅಲ್ಯೂಮಿನಿಯಂ ರೆಕ್ಕೆಗಳು, ಹೊರಗೆ ಉಕ್ಕಿನ ಹೊದಿಕೆ. ಅಲ್ಯೂಮಿನಿಯಂ ಹಿಗ್ಗುವುದು ಡಿಗ್ರಿಗೆ 23 ಮೈಕ್ರಾನ್, ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು. ಮೇಲಾಗಿ ಒಳಗಿನ ಭಾಗ ಹೊದಿಕೆಗಿಂತ ಬೇಗ ಕಾಯುತ್ತದೆ. ಒಂದನ್ನೊಂದು ಉಜ್ಜುತ್ತ ಅವು ಸದ್ದು ಮಾಡುತ್ತವೆ.

ಇಲ್ಲಿಯೂ ಅಲ್ಲಿಯೂ ಪರಿಹಾರ ಒಂದೇ: ಲೋಹಕ್ಕೆ ಓಡಾಡಲು ಜಾಗ ಕೊಡುವುದು. ಹಿಂದೆ ರೈಲು ಹಳಿಗಳ ತುಂಡುಗಳ ನಡುವೆ ಸಂದು ಬಿಡುತ್ತಿದ್ದುದೂ ಇದಕ್ಕಾಗಿಯೇ. ತಗಡು ಹೊದಿಸುವಾಗ ತೂತು ಬೋಲ್ಟಿಗಿಂತ ತುಸು ದೊಡ್ಡದಿರಲಿ, ನಡುವೆ ರಬ್ಬರ್ ವಾಷರ್ ಇರಲಿ, ವಾಷರ್ ಚಪ್ಪಟೆಯಾಗುವಷ್ಟು ಬಿಗಿಯುವುದು ಬೇಡ. ಬೇಸಿಗೆಗೆ ಮೊದಲು ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿದರೆ ತಗಡು ಅಷ್ಟು ಕಾಯುವುದೂ ಇಲ್ಲ. ಹೀಟರಿನಲ್ಲಾದರೆ ಧೂಳು ತೆಗೆಯಬೇಕು, ಬಾಗಿ ತಗಲುತ್ತಿರುವ ರೆಕ್ಕೆಗಳನ್ನು ನೆಟ್ಟಗೆ ಮಾಡಬೇಕು, ಹೊದಿಕೆಯ ಅತಿ ಬಿಗಿಯಾದ ತಿರುಪನ್ನು ತುಸು ಸಡಿಲಿಸಬೇಕು. ಕೈ ಹಾಕುವ ಮೊದಲು ಬ್ರೇಕರ್ ಆರಿಸಿ, ಪೂರ್ತಿ ತಣ್ಣಗಾಗಲು ಬಿಡಬೇಕು. ಗೋಡೆಯ ಥರ್ಮೋಸ್ಟಾಟ್ ತಿರುಗಿಸಿದರೆ ಸಾಲದು. ಅಲ್ಲಿ ಈ ಹೀಟರುಗಳಿಗೆ ಸಾಮಾನ್ಯವಾಗಿ 240 ವೋಲ್ಟ್ ಹರಿಯುತ್ತದೆ, ಕೆಲವು ಥರ್ಮೋಸ್ಟಾಟುಗಳು ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತವೆ.

ತಂದೆತಾಯಿಗಳಿಗೆ ಒಂದು ಮಾತು. ಎಲ್ಲ ಸದ್ದೂ ಹೀಗೆ ನಿರಪಾಯವಲ್ಲ. ‘ಟಕ್’ ಎಂದು ಬಿಟ್ಟುಬಿಟ್ಟು ಬರುವುದು ಲೋಹದ ಹಿಗ್ಗು ಕುಗ್ಗು. ಆದರೆ ಸ್ವಿಚ್ಚಿನಿಂದ, ಪ್ಲಗ್ಗಿನಿಂದ ‘ಚಿಟಿ ಚಿಟಿ’ ಎಂದೋ ‘ಜುಂಯ್’ ಎಂದೋ ಸದ್ದು ಬಂದರೆ ಅದು ಬೇರೆ. ತಂತಿಯ ಜೋಡಣೆ ಸಡಿಲವಾಗಿ ಕಿಡಿ ಹಾರುತ್ತಿರಬಹುದು. ಪ್ಲಗ್ಗು ಮುಟ್ಟಲಾಗದಷ್ಟು ಬಿಸಿ, ಕರಕಲು ವಾಸನೆ, ಕಪ್ಪಾದ ಸಾಕೆಟ್ಟು, ಇವು ಅದರ ಗುರುತುಗಳು. ನೀರು ಕಾಯಿಸುವ ಕಾಯಿಲ್, ಗೀಸರ್, ಇಸ್ತ್ರಿಪೆಟ್ಟಿಗೆಗಳು ಹೆಚ್ಚು ಕರೆಂಟು ಎಳೆಯುವುದರಿಂದ ಅಪಾಯ ಅಲ್ಲೇ ಹೆಚ್ಚು. ಇಂಥ ಸದ್ದಿಗೆ ಟೇಪು ಸುತ್ತಿ ಸುಮ್ಮನಾಗಬೇಡಿ. ಮೇನ್ ಆರಿಸಿ, ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನರನ್ನು ಕರೆಸಿ. ಗಾಳಿಗೆ ಹೆದರುವ ನಾವು ಈ ಸದ್ದಿಗೆ ಹೆದರುವುದಿಲ್ಲ. ಮನೆ ಸುಡುವುದು ಮಾತ್ರ ಇದರಿಂದಲೇ.

ಮಕ್ಕಳೇ, ನಿಮಗೊಂದು ಪ್ರಯೋಗ. ಬಿಸಿಲು ಚೆನ್ನಾಗಿದ್ದ ದಿನ ಸಂಜೆ ಆರರಿಂದ ಒಂಬತ್ತರವರೆಗೆ ಸೂರಿನ ಸದ್ದನ್ನು ಎಣಿಸಿ, ಕಾಲುಗಂಟೆಗೆ ಎಷ್ಟು ಎಂದು ಪುಸ್ತಕದಲ್ಲಿ ಬರೆಯಿರಿ. ಮೋಡದ ದಿನವೂ ಹಾಗೇ ಮಾಡಿ. ಬಿಸಿಲಿನ ದಿನ ಹೆಚ್ಚು, ಮೋಡದ ದಿನ ಕಡಿಮೆ, ರಾತ್ರಿ ಏರಿದಂತೆ ಇನ್ನೂ ಕಡಿಮೆ ಬಂದರೆ ಆ ಲೆಕ್ಕವನ್ನು ಅಜ್ಜಿಗೆ ಓದಿ ಹೇಳಿ. ಬಿಸಿಲು ನೋಡಿಕೊಂಡು ಬರುವ ದೆವ್ವ ಯಾವುದೆಂದು ಅವರನ್ನೇ ಕೇಳಿ, ಆಮೇಲೆ ನಿಶ್ಚಿಂತೆಯಿಂದ ಓದಿಗೆ ಕೂರಿ.