ಗುಗ್ಗಳದ ಕೊಡ, ಗುಗ್ಗುಳದ ಗಿಡ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ವೀರಭದ್ರನನ್ನು ಮನೆದೇವರಾಗಿ ಪೂಜಿಸುವ ಕುಟುಂಬಗಳು ಮದುವೆಯಂಥ ಶುಭಕಾರ್ಯಕ್ಕೆ ಮುನ್ನ ಗುಗ್ಗಳ ತೆಗೆಯುವುದುಂಟು. ಉರಿಯುವ ಕೊಡಗಳನ್ನು ಹಿಡಿದು ಮನೆಮಂದಿ ನಡೆಯುತ್ತಾರೆ. ಮುಂದೆ ಪುರವಂತರು ಒಡಪು ಹೇಳುತ್ತ, ಖಡ್ಗ ಝಳಪಿಸುತ್ತ ಕುಣಿಯುತ್ತಾರೆ. ಈ ಸೇವೆಗೆ ಹೆಸರು ಕೊಟ್ಟದ್ದು ಗುಗ್ಗುಳವೆಂಬ ಧೂಪ. ಗ್ರಂಥಿಗೆ ಅಂಗಡಿಯಿಂದ ಅದನ್ನು ಕಟ್ಟಿಸಿಕೊಂಡು ಬರುವವರಲ್ಲಿ ಎಷ್ಟು ಮಂದಿ ಆ ಗಿಡವನ್ನು ಕಣ್ಣಾರೆ ಕಂಡಿದ್ದಾರು?

ಗುಗ್ಗುಳ ಆಳೆತ್ತರದ, ಮುಳ್ಳಿನ ಪೊದೆ. ತೊಗಟೆ ತೆಳ್ಳನೆಯ ಕಾಗದದಂತೆ ಸುಲಿಯುತ್ತದೆ. ವರ್ಷದ ಬಹುಭಾಗ ಎಲೆಯಿಲ್ಲದೆ ಒಣಗಿದಂತೆ ನಿಂತಿದ್ದು, ಮಳೆ ಬಿದ್ದೊಡನೆ ಚಿಗುರುತ್ತದೆ. ರಾಜಸ್ಥಾನ, ಗುಜರಾತು, ಸಿಂಧಗಳ ಮರಳುಗಾಡು ಅದರ ಮುಖ್ಯ ನೆಲೆ. ಆದರೆ ಸಸ್ಯಶಾಸ್ತ್ರಜ್ಞರು ಅದರ ನೆಲೆಗಳಲ್ಲಿ ತುಂಗಭದ್ರೆಯ ಆಚೆಗಿನ ಬಳ್ಳಾರಿ ಸೀಮೆಯನ್ನೂ ಎಣಿಸುತ್ತಾರೆ. ಅದರ ಶಾಸ್ತ್ರೀಯ ನಾಮದಲ್ಲಿ ಉಳಿದಿರುವುದು ಮದರಾಸು ಪ್ರಾಂತದಲ್ಲಿ ಕಂಪನಿ ಸರಕಾರದ ವೈದ್ಯನಾಗಿದ್ದ ರಾಬರ್ಟ್ ವೈಟನ ಹೆಸರು.

ಅದೇ ಗಿಡ ಇಂದು ಅಳಿವಿನ ಅಂಚಿನಲ್ಲಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿದೆ. ಕಾರಣ ಮನುಷ್ಯನ ಆತುರ. ಚಳಿಗಾಲ ಬಂದಾಗ ತೊಗಟೆಗೆ ಮೇಲುಮೇಲಿನ ಕಚ್ಚು ಹಾಕಿದರೆ ಅಂಟು ಮೆಲ್ಲನೆ ಒಸರಿ, ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ. ಒಂದು ಹಂಗಾಮಿಗೆ ಒಂದು ಗಿಡ ಅರ್ಧ ಕಿಲೋ ಕೊಟ್ಟರೆ ಅದೇ ದೊಡ್ಡದು. ಅಷ್ಟಕ್ಕೆ ತೃಪ್ತರಾಗದವರು ಕಾಂಡವನ್ನು ಆಳವಾಗಿ ಕಡಿದು, ಗಾಯಕ್ಕೆ ಔಷಧಿ ಮೆತ್ತಿ, ಒಂದೇ ಸಲಕ್ಕೆ ಎಲ್ಲವನ್ನೂ ಹಿಂಡುತ್ತಾರೆ. ಅಂಟೇನೋ ಧಾರಾಳವಾಗಿ ಬರುತ್ತದೆ. ಗಿಡ ಮಾತ್ರ ಸಾಯುತ್ತದೆ.

ಹಾಗಾದರೆ ಬೆಳೆಸಬಾರದೇಕೆ? ಗಂಗಾವತಿಯ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಸಾಧ್ಯವಿಲ್ಲ. ನಿಂತ ನೀರು ಇದಕ್ಕೆ ಶತ್ರು. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಮಸಾರಿ ನೆಲ, ಕಲ್ಲಿನ ಬದು ಇವು ಹೇಳಿ ಮಾಡಿಸಿದ ಸ್ಥಳ. ಹೆಬ್ಬೆರಳು ದಪ್ಪದ, ಗೇಣುದ್ದದ ಕೊಂಬೆಯ ತುಂಡನ್ನು ಮುಂಗಾರಿನಲ್ಲಿ ನೆಟ್ಟರೆ ಬೇರು ಬಿಡುತ್ತದೆ. ಬೀಜವನ್ನು ನಂಬುವಂತಿಲ್ಲ; ಮೊಳೆಯುವುದು ಅಪರೂಪ. ಕಚ್ಚು ಹಾಕಲು ಆರೆಂಟು ವರ್ಷ ಕಾಯಬೇಕು. ಇಂದು ಮೊದಲನೆಯ ತರಗತಿಗೆ ಸೇರಿದ ಮಗು ಮಾಧ್ಯಮಿಕ ಶಾಲೆಯ ಮೆಟ್ಟಿಲು ಹತ್ತುವಷ್ಟು ಕಾಲ! ಸಾಲ ಮಾಡಿ ಎಕರೆಗಟ್ಟಲೆ ನೆಡುವ ಬೆಳೆ ಇದಲ್ಲ. ಸಜ್ಜೆ ತೊಗರಿಯ ಹೊಲಕ್ಕೆ ಬೇಲಿಯಾಗಿ ನೆಟ್ಟರೆ ಮಾತ್ರ ರೈತನಿಗೆ ನಷ್ಟವಿಲ್ಲ.

ಔಷಧವಾಗಿ ಅದರ ಕೀರ್ತಿ ಹಳೆಯದು. ಯೋಗರಾಜ ಗುಗ್ಗುಳು, ತ್ರಿಫಲಾ ಗುಗ್ಗುಳುಗಳನ್ನು ಅರಿಯದ ಅಜ್ಜಿಯರಿಲ್ಲ. ಸುಶ್ರುತನು ಮೇದೋರೋಗಕ್ಕೆ ಹೇಳಿದ ಗುಗ್ಗುಳವು ರಕ್ತದ ಕೊಬ್ಬನ್ನು ಇಳಿಸೀತೆಂದು 1966ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿಯವರು ತಮ್ಮ ಪ್ರಬಂಧದಲ್ಲಿ ತೋರಿಸಿದರು. ಮುಂದೆ ಲಖನೌದಲ್ಲಿ ಅದರಿಂದ ಮಾತ್ರೆಯೂ ಸಿದ್ಧವಾಯಿತು. ಆದರೆ 2003ರಲ್ಲಿ ಅಮೇರಿಕದಲ್ಲಿ 103 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಟ್ಟ ಕೊಬ್ಬು ಇಳಿಯಲಿಲ್ಲ, ತುಸು ಏರಿತು. ಕೆಲವರಿಗೆ ಮೈಮೇಲೆ ದದ್ದುಗಳೆದ್ದವು. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಇದನ್ನು ನುಂಗುವವರು ಈ ಮಾತನ್ನೂ ಕೇಳಿರಬೇಕು.

ಧೂಪಕ್ಕಾದರೆ ಇಂಥ ತಕರಾರಿಲ್ಲ. ಪಟ್ಟಣದ ಮನೆಯವರು ಗಿಡವನ್ನು ಕುಂಡದಲ್ಲಿಯೂ ಸಾಕಬಹುದು: ಅರ್ಧ ಮರಳು ಬೆರೆತ ಮಣ್ಣು, ದಿನವಿಡೀ ಬಿಸಿಲು, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ಜಡಿಮಳೆಯ ದಿನಗಳಲ್ಲಿ ಕುಂಡವನ್ನು ಸೂರಿನ ಕೆಳಗೆ ಸರಿಸಿಡಬೇಕು.