ರಕ್ತಪರೀಕ್ಷೆಯೂ ನಮ್ಮ ಹೊಣೆಯೂ

ಶಾಲೆಗಳಲ್ಲಿ ಆರೋಗ್ಯ ತಪಾಸಣಾ ಶಿಬಿರಗಳು ನಡೆಯುತ್ತಿರುವುದು ಸಂತೋಷದ ಸಂಗತಿ. ದಾನಿಗಳ ಔದಾರ್ಯದಿಂದ ರಕ್ತಪರೀಕ್ಷೆಯೂ ಆಗುತ್ತದೆ; ವರದಿಯ ಹಾಳೆ ಮಕ್ಕಳ ಕೈಸೇರುತ್ತದೆ. ಆದರೆ ಆ ಹಾಳೆಯನ್ನು ಓದಿ ಹೇಳುವವರು ಯಾರು?

ಶ್ರೀಮಠದ ಈ ಶಾಲೆಯಲ್ಲಿ ಓದಿದ ನಾನು ವೃತ್ತಿಜೀವನದ ಬಹುಭಾಗವನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪ್ರೌಢಶಾಲೆಗಳಲ್ಲಿ ಕಳೆದೆನು. ಅಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಪಾಠದ ವೇಳೆ ಮೇಜಿಗೆ ತಲೆಯಾನಿಸುತ್ತಿದ್ದಳು. ಸೋಮಾರಿಯೆಂದು ಎಲ್ಲರೆದುರು ಗದರಿದ್ದೆ. ಶಿಬಿರದ ವರದಿಯಲ್ಲಿ ಅವಳ ಹಿಮೋಗ್ಲೋಬಿನ್ 12.1 ಗ್ರಾಂ ಎಂದಿತ್ತು. ಆ ವಯಸ್ಸಿಗೆ ವಿಶ್ವ ಆರೋಗ್ಯ ಸಂಸ್ಥೆ ಎಳೆದಿರುವ ಗೆರೆ 12. ಚಿಂತೆಯಿಲ್ಲವೆಂದು ಹಾಳೆಯನ್ನು ಮಡಿಸಿ ಕೊಟ್ಟೆ. ಆರು ತಿಂಗಳ ತರುವಾಯ ಅವಳು ಪ್ರಾರ್ಥನೆಯ ಸಾಲಿನಲ್ಲಿ ಕುಸಿದಾಗ ತಾಯಿ ಅದೇ ಹಾಳೆಯನ್ನು ತಂದು ತೋರಿಸಿದರು. ಕೆಳಗೊಂದು ಸಾಲಿನಲ್ಲಿ ‘ಎಂ.ಸಿ.ಎಚ್. 24.2’ ಎಂದಿತ್ತು, ಕಡಮೆಯೆಂಬ ಗುರುತೂ ಇತ್ತು. ನಾನು ಅದನ್ನು ಓದಿರಲಿಲ್ಲ.

ಒಂದು ಕೆಂಪು ರಕ್ತಕಣದಲ್ಲಿ ಸರಾಸರಿ ಎಷ್ಟು ತೂಕದ ಹಿಮೋಗ್ಲೋಬಿನ್ ಇದೆ ಎಂಬುದೇ ಎಂ.ಸಿ.ಎಚ್. ಇದರ ಮಾನ ಪಿಕೋಗ್ರಾಂ, ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಸಾಮಾನ್ಯವಾಗಿ ಇದು 27ರಿಂದ 33ರವರೆಗೆ ಇರತಕ್ಕದ್ದು. ಒಟ್ಟು ಹಿಮೋಗ್ಲೋಬಿನ್ ಗೆರೆಯ ಮೇಲಿದ್ದರೂ ಒಂದೊಂದು ಕಣವೂ ಬಡವಾಗಿರಬಹುದು. ಕೊಡಗಳ ಸಂಖ್ಯೆ ಸರಿಯಿದ್ದು, ಪ್ರತಿ ಕೊಡದಲ್ಲಿಯೂ ನೀರು ಕಡಮೆಯಾದಂತೆ.

ಎಂ.ಸಿ.ಎಚ್. ಕಡಮೆಯೆಂಬುದು ರೋಗದ ಹೆಸರಲ್ಲ, ಸೂಚನೆ ಮಾತ್ರ. ಇದಕ್ಕೆ ಬಹುತೇಕ ಕಾರಣ ಕಬ್ಬಿಣದ ಕೊರತೆ. ಊಟದಲ್ಲಿ ಸೊಪ್ಪು, ಬೇಳೆಕಾಳುಗಳ ಅಭಾವ, ಹೆಚ್ಚಿನ ಋತುಸ್ರಾವ, ತೇವದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆಯುವವರ ಒಳಹೊಕ್ಕು ರಕ್ತ ಹೀರುವ ಕೊಕ್ಕೆಹುಳು, ಇವು ಕೊರತೆಯ ಮೂಲಗಳು. ಗಂಜಿ, ಉಪ್ಪಿನಕಾಯಿಯಲ್ಲೇ ಹೊತ್ತು ಕಳೆಯುವ ಮನೆಗಳನ್ನು ಕರಾವಳಿಯಲ್ಲಿ ಕಂಡಿದ್ದೇನೆ. ಹರಿವೆ ಸೊಪ್ಪು, ಹುರುಳಿ ಸಾರು, ಮೀನುಣ್ಣುವವರಿಗೆ ಬಂಗುಡೆ, ಬೂತಾಯಿ, ಜೊತೆಗೆ ಲಿಂಬೆಯ ಹುಳಿ, ಇವೆಲ್ಲ ಅಲ್ಲಿ ದುರ್ಲಭವಲ್ಲ. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿದರೆ ಮಾತ್ರ ಕಬ್ಬಿಣವು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಹಾಗೆಂದು ಸಿಕ್ಕವರಿಗೆಲ್ಲ ಕಬ್ಬಿಣದ ಮಾತ್ರೆ ನುಂಗಿಸುವುದೂ ವಿವೇಕವಲ್ಲ. ವಂಶಪಾರಂಪರ್ಯವಾಗಿ ಬರುವ ಥಲಸ್ಸೀಮಿಯಾ ಗುಣವುಳ್ಳವರಲ್ಲಿಯೂ ಈ ಅಂಕಿ ಇಳಿದಿರುತ್ತದೆ. ಕಬ್ಬಿಣದಿಂದ ಅದು ಏರದು. ಹೆತ್ತವರಿಬ್ಬರಲ್ಲಿಯೂ ಬೀಟಾ ಥಲಸ್ಸೀಮಿಯಾ ಗುಣವಿದ್ದಲ್ಲಿ ಪ್ರತಿ ಗರ್ಭದಲ್ಲಿಯೂ ಶಿಶುವಿಗೆ ತೀವ್ರ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಕಬ್ಬಿಣದ ಸಂಗ್ರಹವನ್ನು ತಿಳಿಸುವ ಫೆರಿಟಿನ್ ಪರೀಕ್ಷೆ, ಅಗತ್ಯವಾದರೆ ಹಿಮೋಗ್ಲೋಬಿನ್ ಎ2 ಪರೀಕ್ಷೆ, ಇವುಗಳಿಂದ ವೈದ್ಯರು ಒಂದನ್ನು ಇನ್ನೊಂದರಿಂದ ಬೇರ್ಪಡಿಸಬಲ್ಲರು. ನಮ್ಮ ಹುಡುಗಿಯದು ಕಬ್ಬಿಣದ ಕೊರತೆಯೇ ಆಗಿತ್ತು.

ಸರಕಾರದ ಯತ್ನವಿಲ್ಲವೆಂದಲ್ಲ. ರಕ್ತಹೀನತೆಯ ತಡೆಗೆ ರಾಷ್ಟ್ರೀಯ ಕಾರ್ಯಕ್ರಮ 1970ರಲ್ಲೇ ಮೊದಲಾಯಿತು. 2018ರ ‘ಅನೀಮಿಯಾ ಮುಕ್ತ ಭಾರತ’ದಡಿ 10ರಿಂದ 19 ವರ್ಷದವರಿಗೆ ವಾರಕ್ಕೊಂದು ಮಾತ್ರೆಯ ಏರ್ಪಾಡಿದೆ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಜಂತುಹುಳು ನಿವಾರಣಾ ದಿನವೂ ಉಂಟು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಸ್ತ್ರೀಯರ ಪೈಕಿ ಶೇಕಡಾ 57 ಮಂದಿ ರಕ್ತಹೀನರು. ವಾರದ ಮಾತ್ರೆ ಕೊರತೆಯನ್ನು ತಡೆಯುವುದಕ್ಕೆ. ಈಗಾಗಲೇ ಕೊರತೆಗೆ ಒಳಗಾದವರಿಗೆ ವೈದ್ಯರ ಸಲಹೆಯಂತೆ ತಿಂಗಳುಗಟ್ಟಲೆಯ ಚಿಕಿತ್ಸೆ ಬೇಕು.

ಇದು ವೈದ್ಯರ ಕೆಲಸ, ಅಧ್ಯಾಪಕರಿಗೇಕೆ ಎಂದು ಕೆಲವರು ಕೇಳಬಹುದು. ರೋಗನಿರ್ಣಯ ನಮ್ಮದಲ್ಲ, ನಿಜ. ಆದರೆ ಮಗುವನ್ನು ದಿನವೂ ಕಾಣುವವರು ನಾವು. ತೂಕಡಿಕೆಯನ್ನು ಆಲಸ್ಯವೆಂದು ತೀರ್ಪು ಕೊಡುವ ಮುನ್ನ ವರದಿಯತ್ತ ಕಣ್ಣು ಹಾಯಿಸುವುದು, ಕಡಮೆಯ ಗುರುತಿದ್ದವರ ಹೆತ್ತವರನ್ನು ಕರೆಸಿ ವೈದ್ಯರಲ್ಲಿಗೆ ಕಳುಹಿಸುವುದು ನಮ್ಮ ಕರ್ತವ್ಯವೇ ಸರಿ.

ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡುವ ಪರಂಪರೆ ನಮ್ಮದು. ದಾನಿಗಳಲ್ಲಿ ನನ್ನದೊಂದೇ ವಿನಂತಿ: ಶಿಬಿರಕ್ಕೆ ನೀಡುವ ಹಣದಲ್ಲಿ ಒಂದು ಪಾಲನ್ನು ಎರಡನೆಯ ಪರೀಕ್ಷೆಗೂ, ಹೆತ್ತವರಿಗೆ ವರದಿಯನ್ನು ವಿವರಿಸುವ ವೈದ್ಯರ ಒಂದು ದಿನಕ್ಕೂ ಮೀಸಲಿಡಿರಿ. ನೂರು ಮಕ್ಕಳ ರಕ್ತ ತೆಗೆದು ಹಾಳೆ ಹಂಚುವುದಕ್ಕಿಂತ, ಐವತ್ತು ಮಕ್ಕಳನ್ನು ಪರೀಕ್ಷಿಸಿ ಅವರ ಕೈ ಬಿಡದಿರುವುದೇ ಮೇಲು.